ಭದ್ರತಾ ಸುದ್ದಿಯನ್ನು ಒರೆಗೆ ಹಚ್ಚುವುದು ಹೇಗೆ: ತಲೆಬರಹದಿಂದ ಆವೃತ್ತಿ ಸಂಖ್ಯೆಯವರೆಗೆ

‘ಕೋಟಿಗಟ್ಟಲೆ ಪಾಸ್‌ವರ್ಡ್ ಸೋರಿಕೆ’, ‘ಎಲ್ಲ ಕಂಪ್ಯೂಟರ್‌ಗಳಿಗೂ ಅಪಾಯ’ ಎಂಬಂಥ ತಲೆಬರಹ ಕಣ್ಣಿಗೆ ಬಿದ್ದ ಕೂಡಲೇ ಕೈ ಫಾರ್ವರ್ಡ್ ಗುಂಡಿಯತ್ತ ಹೋಗುತ್ತದೆ, ಇಲ್ಲವೇ ಸುದ್ದಿಯೊಳಗಿನ ಲಿಂಕ್‌ನತ್ತ. ಎರಡನ್ನೂ ತಡೆದು, ಮೊದಲು ಸುದ್ದಿಯೊಳಗೆ ನಾಲ್ಕು ಸಂಗತಿ ಹುಡುಕಿ. ಯಾವ ತಂತ್ರಾಂಶ ಅಥವಾ ಸೇವೆ? ಅದರ ಯಾವ ಆವೃತ್ತಿ? ದಾಳಿಕೋರ ಒಳನುಗ್ಗಲು ಏನೇನು ಕೂಡಿಬರಬೇಕು? ಸರಿಪಡಿಸಿದ ಆವೃತ್ತಿ ಬಂದಿದೆಯೇ? ಇವುಗಳಲ್ಲಿ ಒಂದೂ ಇಲ್ಲದ ಬರಹ ಎಷ್ಟೇ ಉದ್ದವಿರಲಿ, ಅದನ್ನು ಓದಿ ನೀವು ಮಾಡಬಹುದಾದ ಕೆಲಸ ಏನೂ ಇರುವುದಿಲ್ಲ. ಅಂಥದ್ದನ್ನು ಹಂಚಿದರೆ ಹರಡುವುದು ಗಾಬರಿ ಮಾತ್ರ.

ಮೂಲ ಎಲ್ಲಿದೆ ನೋಡಿ

ಭದ್ರತಾ ಸುದ್ದಿ ಸಾಮಾನ್ಯವಾಗಿ ಹುಟ್ಟುವುದು ಸಂಶೋಧಕರ ವರದಿಯಲ್ಲಿ ಅಥವಾ ತಯಾರಕರ ಪ್ರಕಟಣೆಯಲ್ಲಿ. ಉಳಿದದ್ದೆಲ್ಲ ಅದರ ನಕಲು, ನಕಲಿನ ನಕಲು. ಹತ್ತು ತಾಣಗಳು ಬರೆದಿದ್ದರೂ ಹತ್ತೂ ಒಂದೇ ಲೇಖನವನ್ನು ಆಧರಿಸಿದ್ದರೆ ಮೂಲ ಒಂದೇ, ಹತ್ತಲ್ಲ. ಲೇಖನದಲ್ಲಿ ‘ವರದಿಗಳ ಪ್ರಕಾರ’ ಎಂದಿರುವ ಕಡೆ ಲಿಂಕ್ ಇದ್ದರೆ ಅದನ್ನು ಹಿಡಿದು ಹಿಂದಕ್ಕೆ ಹೋಗಿ. ಲಿಂಕ್ ಇಲ್ಲದಿದ್ದರೆ ಹೊಸ ಟ್ಯಾಬ್ ತೆರೆದು ಆ ತಂತ್ರಾಂಶದ ಹೆಸರಿನೊಂದಿಗೆ ತಯಾರಕರ ಪ್ರಕಟಣೆಯನ್ನು ಹುಡುಕಿ.

2024ರ ಫೆಬ್ರವರಿಯಲ್ಲಿ, 30 ಲಕ್ಷ ಸ್ಮಾರ್ಟ್ ಟೂತ್‌ಬ್ರಷ್‌ಗಳನ್ನು ಬಳಸಿ ಸ್ವಿಟ್ಜರ್ಲೆಂಡ್‌ನ ಕಂಪನಿಯೊಂದರ ಜಾಲತಾಣವನ್ನು ಉರುಳಿಸಲಾಯಿತು ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು. ಎಲ್ಲದರ ಬೇರು ಸ್ವಿಸ್ ಪತ್ರಿಕೆಯೊಂದರ ಒಂದೇ ಲೇಖನ. ದಾಳಿಗೊಳಗಾದ ಕಂಪನಿ ಯಾವುದು, ಬ್ರಷ್ ಯಾವ ತಯಾರಕರದು ಎಂಬ ವಿವರವಿರಲಿಲ್ಲ. ಅಂಥ ಬ್ರಷ್‌ಗಳು ಸಾಮಾನ್ಯವಾಗಿ ಬ್ಲೂಟೂತ್ ಮೂಲಕ ಫೋನಿಗೆ ಸೇರುತ್ತವೆಯೇ ಹೊರತು ನೇರ ಅಂತರ್ಜಾಲಕ್ಕಲ್ಲ. ಮಾಹಿತಿ ನೀಡಿದ್ದ ಭದ್ರತಾ ಕಂಪನಿ ಫೋರ್ಟಿನೆಟ್, ಅದು ದಾಳಿಯ ಬಗೆಯೊಂದನ್ನು ವಿವರಿಸಲು ಸಂದರ್ಶನದಲ್ಲಿ ಕೊಟ್ಟ ಉದಾಹರಣೆ, ತನ್ನ ಸಂಶೋಧನೆಯಲ್ಲ ಎಂದಿತು. ನಿಜ ಘಟನೆಯೆಂದೇ ತನಗೆ ಹೇಳಲಾಗಿತ್ತು ಎಂದು ಪತ್ರಿಕೆ ಉತ್ತರಿಸಿತು. ತಪ್ಪು ಯಾರದೇ ಆಗಿರಲಿ, ಮೇಲಿನ ನಾಲ್ಕು ಪ್ರಶ್ನೆ ಕೇಳಿದ ಓದುಗರು ಮೊದಲ ದಿನವೇ ಅನುಮಾನ ಪಡಬಹುದಿತ್ತು.

ದಿನಾಂಕವನ್ನೂ ನೋಡಿ. ‘ನಾಳೆ ಮಾರ್ಟಿನೆಲ್ಲಿ ಎಂಬ ವಿಡಿಯೋ ಬರುತ್ತದೆ, ತೆರೆದರೆ ಫೋನ್ ಹ್ಯಾಕ್ ಆಗುತ್ತದೆ’ ಎಂಬ ವಾಟ್ಸ್ಆ್ಯಪ್ ಸಂದೇಶ 2017ರಿಂದಲೂ ಸುತ್ತುತ್ತಿದೆ. ಆ ‘ನಾಳೆ’ ಇನ್ನೂ ಬಂದಿಲ್ಲ. ದಿನಾಂಕವಿಲ್ಲದ ಎಚ್ಚರಿಕೆಯ ಒಂದು ಸಾಲನ್ನು ಹಾಗೇ ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿದರೆ ಹಳೆಯ ಪ್ರತಿಗಳು ಬಹುತೇಕ ಸಿಕ್ಕೇ ಸಿಗುತ್ತವೆ.

ಅಂಕ 10 ಎಂದರೆ ನಿಮಗೆ ಅಪಾಯ ಎಂದಲ್ಲ

ಗೊತ್ತಾದ ದೋಷಗಳಿಗೆ ಸಿವಿಇ (CVE) ಎಂಬ ಗುರುತು ಸಂಖ್ಯೆ ಕೊಡುವ ಪದ್ಧತಿ 1999ರಿಂದ ಇದೆ. ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಅದನ್ನು ಹುಡುಕಿದರೆ ತಲೆಬರಹಗಳನ್ನು ದಾಟಿ ನೇರ ತಾಂತ್ರಿಕ ವಿವರಕ್ಕೆ ತಲುಪುತ್ತೀರಿ. ಜೊತೆಗೆ ದೋಷದ ತೀವ್ರತೆ ಹೇಳುವ, 0ಯಿಂದ 10ರವರೆಗಿನ ಸಿವಿಎಸ್‌ಎಸ್ (CVSS) ಅಂಕವೂ ಇರುತ್ತದೆ: 7.0ರಿಂದ 8.9 ಹೆಚ್ಚು, 9.0ರಿಂದ ಮೇಲೆ ಅತಿ ಗಂಭೀರ. ಪತ್ರಿಕೆಗಳು ಈ ಅಂಕವನ್ನಷ್ಟೇ ಎತ್ತಿಕೊಳ್ಳುತ್ತವೆ. ನೀವು ಅದರ ಕೆಳಗಿರುವ ಅಕ್ಷರಗಳ ಸಾಲನ್ನು ಓದಿ. ಎವಿ (AV) ಮುಂದೆ ಎನ್ (N) ಇದ್ದರೆ ದಾಳಿ ಜಾಲದ ಮೂಲಕ ದೂರದಿಂದಲೇ ಸಾಧ್ಯ. ಪಿ (P) ಇದ್ದರೆ ಸಾಧನ ದಾಳಿಕೋರನ ಕೈಗೆ ಸಿಗಬೇಕು. ಪಿಆರ್ (PR) ಮುಂದೆ ಎನ್ ಇದ್ದರೆ ಲಾಗಿನ್ ಬೇಕಿಲ್ಲ. ಯುಐ (UI) ಮುಂದೆ ಆರ್ (R) ಇದ್ದರೆ ಬಳಕೆದಾರ ಏನನ್ನಾದರೂ ಒತ್ತಬೇಕು ಅಥವಾ ತೆರೆಯಬೇಕು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ದಾಖಲೆ ಬರೆಯುವ ತಂತ್ರಾಂಶದಲ್ಲಿ ಕಂಡ, 10 ಅಂಕದ ಲಾಗ್4ಶೆಲ್ ದೋಷದಲ್ಲಿ ಎಲ್ಲವೂ ದಾಳಿಕೋರನ ಪರವಾಗಿದ್ದವು: ದೂರದಿಂದ, ಲಾಗಿನ್ ಇಲ್ಲದೆ, ಯಾರೂ ಏನೂ ಒತ್ತದೆ. ಆಗಿನ ಗಾಬರಿಗೆ ಆಧಾರವಿತ್ತು.

ಈಗ ಇನ್ನೊಂದು 10 ಅಂಕದ ದೋಷ ನೋಡಿ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ಲಿನಕ್ಸ್‌ನಲ್ಲಿ ಬಳಕೆಯಾಗುವ ಎಕ್ಸ್‌ಝಡ್ (XZ) ಎಂಬ, ಕಡತಗಳನ್ನು ಕುಗ್ಗಿಸುವ ತಂತ್ರಾಂಶದಲ್ಲಿ ಯಾರೋ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ, ಇಟ್ಟಿರುವುದನ್ನು ಬಹಿರಂಗಪಡಿಸಿದರು. ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಮಾಡುವ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಬೆನ್ನಟ್ಟಿ ಹೋದಾಗ ಅವರಿಗೆ ಸಿಕ್ಕಿದ್ದು ಅದು. ‘ಲಿನಕ್ಸ್ ಕಂಪ್ಯೂಟರ್‌ಗಳಲ್ಲೆಲ್ಲ ಹಿಂಬಾಗಿಲು’ ಎಂಬ ಮಾತು ಹಬ್ಬಿತು. ಆದರೆ ಹಿಂಬಾಗಿಲು ಇದ್ದದ್ದು 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಮಾತ್ರ. ಅವು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ (ಬಳಕೆಗೆ ಸಿದ್ಧವಾಗಿ ಸಿಗುವ ಲಿನಕ್ಸ್ ರೂಪದ) ಪರೀಕ್ಷಾ ಶಾಖೆಯಂಥ, ಹೊಸತನ್ನು ಬೇಗ ತೆಗೆದುಕೊಳ್ಳುವ ಕಡೆ ಸೇರಿದ್ದವು. ಡೆಬಿಯನ್‌ನ ಸ್ಥಿರ ಬಿಡುಗಡೆಯನ್ನು ಮುಟ್ಟಿರಲಿಲ್ಲ. ಸ್ಥಿರ ಬಿಡುಗಡೆ ಬಳಸುವವರಿಗೆ ಅಂದು ಇದ್ದ ಕೆಲಸ ಟರ್ಮಿನಲ್ ತೆರೆದು ಆವೃತ್ತಿ ಸಂಖ್ಯೆ ನೋಡುವುದಷ್ಟೇ. ಅಂಕ ಎರಡಕ್ಕೂ ಒಂದೇ, ಮಾಡಬೇಕಾದ ಕೆಲಸಕ್ಕೆ ಮಾತ್ರ ಅಜಗಜಾಂತರ.

ಆವೃತ್ತಿ ಹೋಲಿಸುವಾಗ ಹಲವರು ಎಡವುವ ಜಾಗವೊಂದಿದೆ. 2014ರ ಹಾರ್ಟ್‌ಬ್ಲೀಡ್ ದೋಷವನ್ನು, ಜಾಲತಾಣಗಳ ಸಂಪರ್ಕವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ತಂಡ 1.0.1ಜಿ ಆವೃತ್ತಿಯಲ್ಲಿ ಸರಿಪಡಿಸಿತು. ಡೆಬಿಯನ್ ಮತ್ತು ರೆಡ್ ಹ್ಯಾಟ್ ವಿತರಣೆಗಳು ತಮ್ಮಲ್ಲಿದ್ದ 1.0.1ಇ ಆವೃತ್ತಿಯನ್ನೇ ಇಟ್ಟುಕೊಂಡು ಅದಕ್ಕೆ ತೇಪೆ ಹಾಕಿದವು. ಮೊದಲ ಸಂಖ್ಯೆ ಮಾತ್ರ ನೋಡಿದವರಿಗೆ ಸರಿಪಡಿಸಿದ ಯಂತ್ರವೂ ಕೆಟ್ಟದ್ದಾಗಿಯೇ ಕಂಡಿತು. ಹಾಗಾಗಿ ಲಿನಕ್ಸ್‌ನಲ್ಲಿ ಪ್ಯಾಕೇಜಿನ ಪೂರ್ತಿ ಸಂಖ್ಯೆಯನ್ನು, ಅಡ್ಡಗೆರೆಯ ನಂತರದ ಭಾಗವೂ ಸೇರಿ, ನಿಮ್ಮ ವಿತರಣೆಯದೇ ಭದ್ರತಾ ಪುಟದಲ್ಲಿರುವ ಸಂಖ್ಯೆಯೊಂದಿಗೆ ಹೋಲಿಸಿ.

ದೋಷವನ್ನು ಈಗಾಗಲೇ ಬಳಸಲಾಗುತ್ತಿದೆಯೇ ಎಂಬುದು ಅಂಕಕ್ಕಿಂತ ಮುಖ್ಯ. ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸಿಸಾ (CISA) 2021ರ ನವೆಂಬರ್‌ನಿಂದ, ದಾಳಿಗೆ ಬಳಕೆಯಾಗಿರುವುದು ಖಚಿತವಾದ ದೋಷಗಳ ಪಟ್ಟಿಯೊಂದನ್ನು ನಡೆಸುತ್ತಿದೆ. ಯಾರು ಬೇಕಾದರೂ ಅದರಲ್ಲಿ ಹುಡುಕಬಹುದು. ನಿಮ್ಮಲ್ಲಿರುವ ತಂತ್ರಾಂಶದ 7.5 ಅಂಕದ ದೋಷ ಆ ಪಟ್ಟಿಯಲ್ಲಿದ್ದರೆ, ಪಟ್ಟಿಯಲ್ಲಿಲ್ಲದ 9.8ಕ್ಕಿಂತ ಮೊದಲು ಅದನ್ನೇ ಸರಿಪಡಿಸಿ. ಒಮ್ಮೆ ಅಪ್‌ಡೇಟ್ ಮಾಡಿ ಮರೆಯಬೇಡಿ: ಲಾಗ್4ಜೆಗೆ ಮೊದಲು ಬಂದ 2.15.0 ಪರಿಹಾರ ಅಪೂರ್ಣವಾಗಿತ್ತು, ಅದೇ ತಿಂಗಳಲ್ಲಿ 2.16.0, ಆಮೇಲೆ 2.17.0 ಬಂದವು. ತಯಾರಕರ ಪ್ರಕಟಣೆಯನ್ನು ಒಂದು ವಾರ ಬಿಟ್ಟು ಮತ್ತೆ ನೋಡಿ.

ಪಾಸ್‌ವರ್ಡ್ ಸೋರಿಕೆಯ ಸುದ್ದಿ

2025ರ ಜೂನ್‌ನಲ್ಲಿ ‘1,600 ಕೋಟಿ ಪಾಸ್‌ವರ್ಡ್ ಸೋರಿಕೆ’ ಎಂಬ ಸುದ್ದಿ ಆ್ಯಪಲ್, ಗೂಗಲ್ ಹೆಸರುಗಳೊಂದಿಗೆ ಓಡಿತು. ಆ ಕಂಪನಿಗಳ ಸರ್ವರ್‌ಗಳಿಗೆ ಯಾರೂ ಹೊಸದಾಗಿ ನುಗ್ಗಿರಲಿಲ್ಲ. ಬಳಕೆದಾರರ ಕಂಪ್ಯೂಟರ್‌ಗಳಲ್ಲಿ ಅವಿತು ಪಾಸ್‌ವರ್ಡ್ ಕದಿಯುವ ಇನ್ಫೋಸ್ಟೀಲರ್‌ಗಳ ದಾಖಲೆಗಳು ಮತ್ತು ಹಿಂದಿನ ಸೋರಿಕೆಗಳು ಸೇರಿದ ರಾಶಿ ಅದು. ಒಂದೇ ದಾಖಲೆ ಹಲವು ಬಾರಿ ಎಣಿಕೆಯಾಗಿರುವ ಸಾಧ್ಯತೆಯೂ ಇತ್ತು.

ಈ ವ್ಯತ್ಯಾಸ ತಿಳಿದರೆ ಮಾಡಬೇಕಾದ ಕೆಲಸವೂ ಬದಲಾಗುತ್ತದೆ. ಸೇವೆಯೇ ಸೋರಿದ್ದರೆ ಆ ಪಾಸ್‌ವರ್ಡನ್ನೂ, ಅದನ್ನೇ ಬಳಸಿದ ಉಳಿದ ಕಡೆಯ ಪಾಸ್‌ವರ್ಡನ್ನೂ ಬದಲಿಸಿದರೆ ಸಾಕು. ನಿಮ್ಮ ಕಂಪ್ಯೂಟರಿನಲ್ಲೇ ಕಳ್ಳ ಕೂತಿದ್ದರೆ, ಅದೇ ಯಂತ್ರದಲ್ಲಿ ಹೊಸ ಪಾಸ್‌ವರ್ಡ್ ಹಾಕುವುದು ಹೊಸ ಬೀಗದ ಕೀಲಿಯನ್ನು ಅವನ ಕೈಗೇ ಕೊಟ್ಟಂತೆ. ಬೇರೆ, ಶುದ್ಧವಾದ ಸಾಧನದಲ್ಲಿ ಮೊದಲು ಇಮೇಲ್‌ನ ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಮಿಕ್ಕ ಖಾತೆಗಳ ಪಾಸ್‌ವರ್ಡ್ ಮರಳಿ ಪಡೆಯುವ ದಾರಿ ಅದೇ. ನಂತರ ‘ಎಲ್ಲ ಸಾಧನಗಳಿಂದ ಲಾಗೌಟ್’ ಆಯ್ಕೆ ಒತ್ತಿ. ನೀವು ಲಾಗಿನ್ ಆಗಿರುವುದನ್ನು ತಾಣಕ್ಕೆ ನೆನಪಿಸುವ ಕುಕಿ ಕಳುವಾಗಿದ್ದರೆ ಕಳ್ಳನಿಗೆ ಪಾಸ್‌ವರ್ಡ್ ಆಗಲಿ, ಎರಡನೇ ಹಂತದ ಸಂಕೇತವಾಗಲಿ ಬೇಕಾಗುವುದೇ ಇಲ್ಲ. ಹಲವರು ಬಿಟ್ಟುಬಿಡುವ ಹೆಜ್ಜೆ ಇದು. ಆಮೇಲೆ ಎರಡು ಹಂತದ ಪರಿಶೀಲನೆ ಹಾಕಿ, ಸೋಂಕಿದ ಯಂತ್ರದಲ್ಲಿ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕಿ.

ನಿಮ್ಮ ಇಮೇಲ್ ಯಾವ ಸೋರಿಕೆಯಲ್ಲಿದೆ ಎಂದು ನೋಡಲು ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರುಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ (haveibeenpwned.com) ತಾಣವಿದೆ. ಹೆಸರು ಕಂಡ ಕೂಡಲೇ ಹೆದರದೆ, ಸೋರಿಕೆಯ ದಿನಾಂಕವನ್ನು ನೀವು ಕೊನೆಯ ಬಾರಿ ಪಾಸ್‌ವರ್ಡ್ ಬದಲಿಸಿದ ದಿನದೊಂದಿಗೆ ಹೋಲಿಸಿ. ಪಾಸ್‌ವರ್ಡನ್ನೇ ಪರೀಕ್ಷಿಸುವ ಸೌಲಭ್ಯವೂ ಅಲ್ಲಿದೆ. ಅದು ನಿಮ್ಮ ಪಾಸ್‌ವರ್ಡನ್ನು ಕಳಿಸುವುದಿಲ್ಲ, ಅದರಿಂದ ಲೆಕ್ಕಹಾಕಿದ, ಹ್ಯಾಶ್ ಎಂಬ 40 ಅಕ್ಷರಗಳ ಗುರುತಿನಲ್ಲಿ ಮೊದಲ 5ನ್ನು ಮಾತ್ರ ಕಳಿಸುತ್ತದೆ. ಉಳಿದ ಹೋಲಿಕೆ ನಿಮ್ಮ ಬ್ರೌಸರಿನಲ್ಲೇ ನಡೆಯುತ್ತದೆ. ಸುದ್ದಿಯೊಂದಿಗೆ ಬಂದ ‘ಇಲ್ಲಿ ಪರೀಕ್ಷಿಸಿ’ ಲಿಂಕ್‌ಗಳಿಗೆ ಈ ನಂಬಿಕೆ ಸಲ್ಲದು. ವಿಳಾಸವನ್ನು ನೀವೇ ಟೈಪ್ ಮಾಡಿ.

ವಾದಕ್ಕೆ ಇಳಿದಾಗ

ಎಕ್ಸ್‌ಝಡ್ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಯಾರು ಬೇಕಾದರೂ ಓದಬಹುದು. ಆ ಘಟನೆಯ ನಂತರ ಒಂದು ಕಡೆಯವರು ‘ಓಪನ್ ಸೋರ್ಸ್ ಆದ್ದರಿಂದಲೇ ಸಿಕ್ಕಿಬಿತ್ತು’ ಎಂದರು, ಇನ್ನೊಂದು ಕಡೆಯವರು ‘ಓಪನ್ ಸೋರ್ಸ್ ಆದ್ದರಿಂದಲೇ ಒಳಗೆ ಬಂತು’ ಎಂದರು. ಹಿಂಬಾಗಿಲನ್ನು ಚಾಲೂ ಮಾಡುವ ಸ್ಕ್ರಿಪ್ಟ್ ಎಲ್ಲರಿಗೂ ಕೋಡ್ ಕಾಣುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿದ ಟಾರ್‌ಬಾಲ್ ಕಡತದಲ್ಲಿ ಮಾತ್ರ ಇತ್ತು ಎಂಬುದನ್ನು ಮುಂದಿಟ್ಟರೆ ಮಾತು ಉಪಯುಕ್ತವಾದ ಪ್ರಶ್ನೆಗೆ ಬರುತ್ತದೆ: ಎಲ್ಲರೂ ಓದುವ ಕೋಡ್ ಮತ್ತು ಎಲ್ಲರೂ ಇನ್‌ಸ್ಟಾಲ್ ಮಾಡುವ ಕಡತ ಒಂದೇ ಎಂದು ಪರೀಕ್ಷಿಸುವುದು ಹೇಗೆ? ದೊಡ್ಡ ಮಾತನ್ನು ಹೀಗೆ ಪರೀಕ್ಷಿಸಬಹುದಾದ ಚಿಕ್ಕ ಮಾತಿಗೆ ಇಳಿಸಿದರೆ ಎದುರಿನವರೂ ಕೆಲಸಕ್ಕೆ ಬರುವ ಉತ್ತರ ಕೊಡುತ್ತಾರೆ.

ಮೊದಲ ಗಂಟೆಗಳಲ್ಲಿ ಕಾರಣದ ಬಗ್ಗೆ ಪಣ ಕಟ್ಟಬೇಡಿ. 2024ರ ಜುಲೈ 19ರಂದು ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತಾಗ ಸೈಬರ್ ದಾಳಿ ಎಂದವರು ಕಡಿಮೆಯಿರಲಿಲ್ಲ. ಅದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್. ಮೈಕ್ರೋಸಾಫ್ಟ್ ಅಂದಾಜಿನಂತೆ ನಿಂತ ಯಂತ್ರಗಳು 85 ಲಕ್ಷ. ಆ ಹೊತ್ತಿನಲ್ಲಿ ‘ಏನು ಕಾಣುತ್ತಿದೆ’ ಎಂಬುದನ್ನು ‘ಯಾಕೆ ಆಗಿದೆ’ ಎಂಬುದರಿಂದ ಬೇರೆಯಾಗಿ ಬರೆಯಿರಿ.

ತಪ್ಪು ಸುದ್ದಿ ಹಂಚಿದ್ದು ಗೊತ್ತಾದರೆ ಸದ್ದಿಲ್ಲದೆ ಅಳಿಸಬೇಡಿ. ಅಳಿಸಿದರೆ ಓದಿದವರ ತಲೆಯಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ. ಅದೇ ಗುಂಪಿನಲ್ಲಿ, ಅದೇ ಸಂದೇಶಕ್ಕೆ ಉತ್ತರವಾಗಿ ಹೀಗೆ ಬರೆಯಿರಿ: ‘ತಿದ್ದುಪಡಿ: ಎಲ್ಲ ಲಿನಕ್ಸ್‌ಗಳಿಗೂ ಅಪಾಯ ಎಂದು ನಿನ್ನೆ ಬರೆದಿದ್ದೆ. ಅದು ತಪ್ಪು. ಎಕ್ಸ್‌ಝಡ್‌ನ 5.6.0 ಮತ್ತು 5.6.1 ಮಾತ್ರ. ನಿಮ್ಮಲ್ಲಿ ಇವೆರಡರಲ್ಲಿ ಒಂದಿದ್ದರೆ ಈಗಲೇ ವಿತರಣೆಯ ಅಪ್‌ಡೇಟ್ ಹಾಕಿ, ಇಲ್ಲದಿದ್ದರೆ ಏನೂ ಮಾಡಬೇಕಿಲ್ಲ.’