ಮಕ್ಕಳ ಸಾಕರ್ ತಂಡಕ್ಕೆ ಸ್ವಯಂಸೇವಕ ತರಬೇತುದಾರರಾಗುವ ಬಗೆ

ಅಮೆರಿಕದ ಊರುಗಳಲ್ಲಿ ವಾರಾಂತ್ಯಕ್ಕೆ ನಡೆಯುವ ಮಕ್ಕಳ ಹವ್ಯಾಸಿ ಸಾಕರ್ (ಫುಟ್‌ಬಾಲ್) ಬಹುಪಾಲು ತಂದೆತಾಯಂದಿರ ಸ್ವಯಂಸೇವೆಯಿಂದಲೇ ಸಾಗುತ್ತದೆ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಶನ್ ಇದಕ್ಕೆ ಉತ್ತಮ ನಿದರ್ಶನ. ಕ್ರಿಕೆಟ್ ಆಡಿ ಬೆಳೆದ ಕನ್ನಡಿಗ ಪೋಷಕರು ಇಲ್ಲಿ ಹಿಂಜರಿಯಬೇಕಾಗಿಲ್ಲ.

ಊರಿನ ಸಾಕರ್ ಸಂಸ್ಥೆಯಲ್ಲಿ ಸ್ವಯಂಸೇವಕರಾಗಿ ನೋಂದಾಯಿಸಿಕೊಂಡ ನಂತರ ಹಿನ್ನೆಲೆ ಪರಿಶೀಲನೆಗೆ ಒಪ್ಪಿಗೆ ನೀಡಿ, ಮಕ್ಕಳ ಸುರಕ್ಷತೆ ಹಾಗೂ ತಲೆಪೆಟ್ಟಿನ ಲಕ್ಷಣಗಳನ್ನು ಕುರಿತ ತರಬೇತಿಯನ್ನು ಮೈದಾನಕ್ಕಿಳಿಯುವ ಮೊದಲೇ ಮುಗಿಸಿ.

ಎಂಟು ವರ್ಷದೊಳಗಿನವರ ಪಂದ್ಯದಲ್ಲಿ ಸಾಮಾನ್ಯವಾಗಿ ಪ್ರತಿ ತಂಡಕ್ಕೆ ನಾಲ್ವರು ಆಟಗಾರರಿದ್ದು, ಗೋಲ್‌ಕೀಪರ್ ಇರುವುದಿಲ್ಲ. ಚೆಂಡು 3ನೇ ಅಳತೆಯದು. ಅಭ್ಯಾಸದಲ್ಲಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಸರದಿಗಾಗಿ ಕಾಯಿಸುವುದು ತೀರಾ ವ್ಯರ್ಥ. ಪ್ರತಿ ಮಗುವಿಗೂ ಒಂದು ಚೆಂಡು ಕೊಟ್ಟು, ಚೆಂಡನ್ನು ಕಾಲಿನ ಹಿಡಿತದಲ್ಲಿಟ್ಟುಕೊಂಡು ಇತರರ ಚೆಂಡನ್ನು ಚೌಕದಿಂದ ಹೊರದೂಡುವಂತಹ ಆಟಗಳನ್ನು ಆಡಿಸಿ, ಉಳಿದ ಅರ್ಧ ಸಮಯವನ್ನು ಚಿಕ್ಕ ಪಂದ್ಯಕ್ಕೆ ಮೀಸಲಿಡಿ. ಹತ್ತು ವರ್ಷದವರೆಗಿನ ಮಕ್ಕಳಿಗೆ ತಲೆಯಿಂದ ಚೆಂಡು ಹೊಡೆಯುವುದನ್ನು ಕಲಿಸಲೇಬೇಡಿ, ಅಮೆರಿಕದ ರಾಷ್ಟ್ರೀಯ ಸಾಕರ್ ಒಕ್ಕೂಟವಾದ ಯು.ಎಸ್. ಸಾಕರ್ ಅದನ್ನು ನಿಷೇಧಿಸಿದೆ.

ಪಂದ್ಯದ ಹಿಂದಿನ ರಾತ್ರಿಯೇ ಯಾರು ಯಾವಾಗ ಆಡಬೇಕೆಂದು ಕಾಗದದಲ್ಲಿ ಬರೆದುಕೊಳ್ಳಿ, ಏಕೆಂದರೆ ಗೆಲ್ಲುವ ಆಸೆಯಲ್ಲಿ ಮೆಲ್ಲಗೆ ಓಡುವ ಮಗುವೇ ಹೊರಗುಳಿಯುತ್ತದೆ, ಅದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಅಂಚಿನಲ್ಲಿ ನಿಂತ ಪೋಷಕರಿಗೆ ಚಪ್ಪಾಳೆ ಸಾಕು, ಸೂಚನೆ ಬೇಡವೆಂದು ಮೊದಲ ಸಭೆಯಲ್ಲೇ ವಿನಯದಿಂದ ತಿಳಿಸಿ. ತಲೆಗೆ ಪೆಟ್ಟಾದ ಶಂಕೆಯಿದ್ದರೆ ಮಗುವನ್ನು ಕೂಡಲೇ ಹೊರಗೆ ಕರೆಸಿ, ವೈದ್ಯರ ಒಪ್ಪಿಗೆಯಿಲ್ಲದೆ ಮತ್ತೆ ಆಡಿಸಬೇಡಿ.