ಆಲೆಮನೆ ಯಜಮಾನರ ಹೊಟ್ಟೆ ಆಪರೇಷನ್

ನನ್ನ ಯೂನಿಫಾರ್ಮಿನ ಜೇಬಿನಲ್ಲಿ ಪೆನ್ನು, ಕತ್ತರಿಯ ಜೊತೆ ಒಂದು ಟೈಲರ್ ಟೇಪು ಇದ್ದೇ ಇರುತ್ತದೆ. ಹೊಸದಾಗಿ ವಾರ್ಡಿಗೆ ಬರುವ ಹುಡುಗಿಯರಿಗೆ ಅದನ್ನು ನೋಡಿದರೆ ನಗು. "ಸಿಸ್ಟರ್, ಬ್ಲೌಸೂ ಹೊಲೀತೀರಾ?" ಅಂತ ಒಬ್ಬಳು ಕೇಳಿಯೇಬಿಟ್ಟಿದ್ದಳು. ಮೈಸೂರಿನ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್ ಆಗಿ 16 ವರ್ಷವಾಯಿತು. ಮೊದಲ ಏಳೆಂಟು ವರ್ಷ ನನ್ನ ಹತ್ತಿರವೂ ಟೇಪು ಇರಲಿಲ್ಲ.

ಈಗ ಹೊಟ್ಟೆ ಆಪರೇಷನ್ನಿಗೆ ಯಾರೇ ಅಡ್ಮಿಟ್ ಆಗಲಿ, ಸೊಂಟ ಅಳೆಯುತ್ತೇನೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ. ಲುಂಗಿ ಕಟ್ಟುವ ಜಾಗದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹೊಟ್ಟೆ ಇರುವವರು ಲುಂಗಿಯನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದು ಗುರುತು. ಬಿಪಿ 130/85 ಮುಟ್ಟಿದ್ದರೆ ಇನ್ನೊಂದು. ಖಾಲಿ ಹೊಟ್ಟೆಯ ಶುಗರ್ 100 ಮುಟ್ಟಿದ್ದರೆ, ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 150 ಮುಟ್ಟಿದ್ದರೆ, ಒಳ್ಳೆಯ ಕೊಲೆಸ್ಟ್ರಾಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಇನ್ನು ಮೂರು. ಬಿಪಿಗೋ ಶುಗರಿಗೋ ಆಗಲೇ ಮಾತ್ರೆ ತಗೊಳ್ಳುತ್ತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಐದರಲ್ಲಿ ಮೂರು ಸೇರಿದರೆ ಅದೇ ಮೆಟಬಾಲಿಕ್ ಸಿಂಡ್ರೋಮ್. ಕೇಸ್ ಶೀಟಿನಲ್ಲಿ ಶುಗರ್ ಒಂದು ಕಡೆ, ಬಿಪಿ ಇನ್ನೊಂದು ಕಡೆ ಬರೆದಿರುತ್ತಾರೆ. ಸೊಂಟವನ್ನು ಯಾರೂ ಬರೆದಿರುವುದಿಲ್ಲ. ಹಾಗಾಗಿ ಇವೆಲ್ಲ ಒಂದೇ ಮನೆಯ ಮಕ್ಕಳು ಅಂತ ಯಾರಿಗೂ ಹೊಳೆಯುವುದಿಲ್ಲ.

ಆ ಯಜಮಾನರು ಬಂದದ್ದು ಒಂದು ಸೋಮವಾರ. ಮಂಡ್ಯ ಕಡೆಯವರು, 58 ವರ್ಷ, ಸ್ವಂತ ಆಲೆಮನೆ. ಜಠರದ ಕೆಳಭಾಗದಲ್ಲಿ ಕ್ಯಾನ್ಸರ್ ಗಡ್ಡೆ. ಗುರುವಾರ ಆಪರೇಷನ್. ಶುಗರ್ 11 ವರ್ಷದಿಂದ, ಬಿಪಿಯೂ ಇತ್ತು. ಸೊಂಟ 104.

"ಮೂರು ತಿಂಗಳಲ್ಲಿ ಏಳು ಕೇಜಿ ಇಳಿದವ್ರೆ ಕಣವ್ವ" ಎಂದರು ಹೆಂಡತಿ. ಯಾರೂ ನಂಬುವ ಹಾಗಿರಲಿಲ್ಲ, ಹೊಟ್ಟೆ ಹಾಗೇ ಇತ್ತು. ತೋಳು ಹಿಡಿದು ನೋಡಿದೆ. ಮಾಂಸ ಕರಗಿ ಚರ್ಮ ಜೋತುಬಿದ್ದಿತ್ತು. ಈ ರೋಗಿಗಳಲ್ಲಿ ನಾವು ಮೋಸ ಹೋಗುವುದು ಇಲ್ಲೇ. ದಪ್ಪ ಇದ್ದಾರೆ, ಮೈಯಲ್ಲಿ ಬೇಕಾದಷ್ಟು ಶಕ್ತಿ ಇದೆ ಅಂದುಕೊಳ್ಳುತ್ತೇವೆ. ಗಾಯ ಮಾಯಲು ಬೇಕಾದ್ದು ಪ್ರೋಟೀನು. ಅದು ಹೊಟ್ಟೆಯ ಕೊಬ್ಬಿನಲ್ಲಿ ಇರುವುದಿಲ್ಲ. ಡಯಟಿಷಿಯನ್‌ಗೆ ಅವತ್ತೇ ಫೋನ್ ಮಾಡಿದೆ.

ಆಮೇಲೆ ಕೇಳಿದ್ದು ಮಾತ್ರೆ ಚೀಲ. "ಯಾವ ಮಾತ್ರೆ ತಗೊಳ್ತೀರಿ?" ಅಂತ ನಾನು ಕೇಳುವುದಿಲ್ಲ. ಕೇಳಿದರೆ "ಒಂದು ಬಿಳೀದು, ಒಂದು ಹಳದೀದು" ಅನ್ನುತ್ತಾರೆ. "ಚೀಲ ತನ್ನಿ, ಖಾಲಿ ಸ್ಟ್ರಿಪ್ ಇದ್ದರೂ ತನ್ನಿ" ಅನ್ನುತ್ತೇನೆ. ಈ ಅಭ್ಯಾಸದ ಹಿಂದೆ ನನ್ನದೇ ಒಂದು ತಪ್ಪಿದೆ.

ಕೆಲವು ವರ್ಷದ ಹಿಂದಿನ ಮಾತು. ಐವತ್ತು ದಾಟಿದ ಒಬ್ಬ ಹೆಂಗಸು, ತೂಕ ಜಾಸ್ತಿ, ಹೊಟ್ಟೆ ಆಪರೇಷನ್ ಆಗಿತ್ತು. ಮರುದಿನ ಬೆಳಗ್ಗೆ ಶುಗರ್ 168. ನಮಗೆ ಬೇಕಾದದ್ದು 140ರಿಂದ 180ರ ಒಳಗೆ. ಚೆನ್ನಾಗಿದೆ ಅಂತ ಚಾರ್ಟಿನಲ್ಲಿ ಬರೆದು ಮುಂದೆ ಹೋದೆ. ಅವರಿಗೆ ಓಕರಿಕೆ, ಉಸಿರು ಸ್ವಲ್ಪ ಜೋರು. ನೋವಿಗೆ ಇರಬೇಕು ಅಂದುಕೊಂಡೆ. ಮಧ್ಯಾಹ್ನ ಅನಸ್ತೇಶಿಯಾ ಡಾಕ್ಟರ್ ರೌಂಡ್ಸಿಗೆ ಬಂದವರು ಎರಡು ನಿಮಿಷ ನಿಂತು ಉಸಿರು ಎಣಿಸಿದರು. ರಕ್ತ ಕಳಿಸಿದರು. ಕೀಟೋನ್ ಅನ್ನುವ ಹುಳಿ ಪದಾರ್ಥ ತುಂಬಿ ರಕ್ತ ಹುಳಿಯಾಗಿತ್ತು, ಉಸಿರು ಜೋರಾಗಿದ್ದು ಅದಕ್ಕೇ. ಆಕೆ ಆಪರೇಷನ್ನಿನ ಹಿಂದಿನ ದಿನದವರೆಗೂ ಡಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ನುಂಗಿದ್ದರು. ಈ ಗುಂಪಿನ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಉಪವಾಸ ಇದ್ದು, ಆಪರೇಷನ್ನಿನ ಒತ್ತಡವೂ ಸೇರಿದರೆ ಮೈ ಕೊಬ್ಬು ಸುಟ್ಟು ಕೀಟೋನ್ ಮಾಡಲು ಶುರು ಮಾಡುತ್ತದೆ, ಆದರೆ ಗ್ಲುಕೋಮೀಟರಿನಲ್ಲಿ ಶುಗರ್ ಏರುವುದಿಲ್ಲ. ಮೆಷಿನ್ ಸುಳ್ಳು ಹೇಳಿರಲಿಲ್ಲ, ನಾನು ಉಸಿರನ್ನು ಎಣಿಸಿರಲಿಲ್ಲ. ಎರಡು ದಿನ ಐಸಿಯುನಲ್ಲಿದ್ದು ಆಕೆ ಸುಧಾರಿಸಿಕೊಂಡರು.

ಈ ಮಾತ್ರೆಯನ್ನು ಆಪರೇಷನ್ನಿಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕು. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಇದು ನಮ್ಮಲ್ಲಿ ಅಗ್ಗವಾಗಿದೆ. ಹಳ್ಳಿಯ ಮೆಡಿಕಲ್ ಸ್ಟೋರಿನಲ್ಲೂ ಬೇರೆ ಶುಗರ್ ಮಾತ್ರೆಗಳ ಜೊತೆ ಬೆರೆಸಿದ್ದು ನಾನಾ ಹೆಸರಿನಲ್ಲಿ ಸಿಗುತ್ತದೆ. ಹಾಗಾಗಿ ಮುಂದಿನ ಹೆಸರು ಬಿಟ್ಟು ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಬೇಕು. ಯಜಮಾನರ ಚೀಲದಲ್ಲೂ ಅದೇ ಸಿಕ್ಕಿತು. ಅವತ್ತು ಬೆಳಗ್ಗೆ ನುಂಗಿರಲಿಲ್ಲ, ಬಸ್ಸಿನ ಗಡಿಬಿಡಿಯಲ್ಲಿ ಮರೆತಿದ್ದರು. ಮರೆವಿನಿಂದ ಒಳ್ಳೆಯದಾಗಿದ್ದು ನಾನು ಕಂಡ ಕೆಲವೇ ಸಲಗಳಲ್ಲಿ ಅದೂ ಒಂದು. ಡಾಕ್ಟರಿಗೆ ಹೇಳಿದೆ, ನಿಲ್ಲಿಸಿ ಇನ್ಸುಲಿನ್ ಬರೆದರು. ಬಿಪಿಯ ಮೆಟೊಪ್ರೊಲಾಲ್ ಮಾತ್ರ ನಿಲ್ಲಿಸಬೇಡಿ ಎಂದರು. ಅದನ್ನು ತಟ್ಟನೆ ಬಿಟ್ಟರೆ ಹೃದಯಕ್ಕೆ ತೊಂದರೆ. ಆಪರೇಷನ್ ದಿನ ಬೆಳಗ್ಗೆ ಒಂದು ಗುಟುಕು ನೀರಿನಲ್ಲಿ ನಾನೇ ಕೊಟ್ಟೆ.

ಬಿಪಿ ನೋಡುವಾಗಲೂ ಒಂದು ಮಾತು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನಮ್ಮ ವಾರ್ಡಿನಲ್ಲಿ ದೊಡ್ಡ ಪಟ್ಟಿ ಒಂದೇ ಇದೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರ ಮೇಲೆ ನನಗೆ ಈಗಲೂ ಸಿಟ್ಟು.

"ರಾತ್ರಿ ಗೊರಕೆ ಹೊಡೀತಾರಾ?" ಅಂತ ಹೆಂಡತಿಯನ್ನು ಕೇಳಿದೆ. "ಆಲೆಮನೆ ಎಂಜಿನ್ನೇ ವಾಸಿ" ಎಂದರು. ನಡುವೆ ಉಸಿರು ನಿಂತಂತಾಗಿ ಮತ್ತೆ ಗೊರ್ರ್ ಅನ್ನುತ್ತದಂತೆ. ನಗುವ ವಿಷಯವಲ್ಲ ಇದು. ಇಂಥವರಿಗೆ ಆಪರೇಷನ್ ಆದ ರಾತ್ರಿ ನೋವಿನ ಇಂಜೆಕ್ಷನ್ ಜೋರಾಗಿ ಬಿದ್ದರೆ ನಿದ್ದೆಯಲ್ಲೇ ಉಸಿರು ಕಟ್ಟಬಹುದು. ಅನಸ್ತೇಶಿಯಾ ಡಾಕ್ಟರಿಗೆ ತಿಳಿಸಿದೆ. ಅವರು ಬೆನ್ನಿನಲ್ಲಿ ಸಣ್ಣ ಟ್ಯೂಬ್ ಹಾಕಿ ನೋವು ತಡೆಯುವ ಏರ್ಪಾಡು ಮಾಡಿದರು.

ಉಸಿರಿನ ವ್ಯಾಯಾಮಕ್ಕೆ ಬಳಸುವ ಮೂರು ಚೆಂಡಿನ ಸ್ಪೈರೋಮೀಟರನ್ನು ಸೋಮವಾರವೇ ಕೈಗೆ ಕೊಟ್ಟೆ. ಬಹಳ ಜನ ಇದನ್ನು ಆಪರೇಷನ್ ಆದ ಮೇಲೆ ಕೊಡುತ್ತಾರೆ. ಹೊಟ್ಟೆ ಕೊಯ್ದ ಮೇಲೆ ನೋವಿನಲ್ಲಿ ಯಾರು ಹೊಸ ವಿದ್ಯೆ ಕಲಿಯುತ್ತಾರೆ? ಯಜಮಾನರು ಮೊದಲು ಜೋರಾಗಿ ಊದಿದರು. ಊದುವುದಲ್ಲ, ಎಳೆಯಬೇಕು. "ಬೀಡಿ ಎಳೆದ ಹಾಗೆ" ಎಂದೆ. ತಕ್ಷಣ ಎರಡು ಚೆಂಡು ಮೇಲೆದ್ದವು. ಹೇಳಬಾರದ ಹೋಲಿಕೆ, ಆದರೆ ಕೆಲಸ ಮಾಡಿತು. ಬೀಡಿಯನ್ನೂ ಅವತ್ತೇ ಬಿಡಿಸಿದೆವು.

ಶುಗರ್ ಇರುವವರು ಮಧ್ಯಾಹ್ನದವರೆಗೆ ಉಪವಾಸ ಕೂರಬಾರದು ಅಂತ ಒಟಿ ಲಿಸ್ಟಿನಲ್ಲಿ ಅವರದ್ದೇ ಮೊದಲ ಕೇಸು. ಜಠರದ ಮುಕ್ಕಾಲು ಭಾಗ ತೆಗೆದು ಉಳಿದದ್ದನ್ನು ಸಣ್ಣ ಕರುಳಿಗೆ ಜೋಡಿಸಿದರು. ಇಂಥ ಆಪರೇಷನ್ ಮೊದಲ ಸಲ ಯಶಸ್ವಿಯಾಗಿದ್ದು 1881ರಲ್ಲಿ, ವಿಯೆನ್ನಾದಲ್ಲಿ, ಬಿಲ್‌ರೋತ್ ಅನ್ನುವ ಸರ್ಜನ್ ಕೈಯಲ್ಲಿ. ಆಗ ಇನ್ಸುಲಿನ್ ಇನ್ನೂ ಬಂದಿರಲಿಲ್ಲ. ಆ ಕಾಲದ ದಾದಿಯರು ರಾತ್ರಿಯೆಲ್ಲ ಏನು ನೋಡುತ್ತಾ ಕೂತಿದ್ದರೋ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ನಮ್ಮ ರಾತ್ರಿ ಹೀಗಿರುತ್ತದೆ. ತಲೆಯ ಕಡೆ ಮಂಚ 30 ಡಿಗ್ರಿ ಎತ್ತಿರುತ್ತದೆ. ಹೊಟ್ಟೆಯ ಕೊಬ್ಬು ಎದೆಯನ್ನು ಒತ್ತಬಾರದಲ್ಲ. ಇನ್ಸುಲಿನ್ ಪಂಪಿನಲ್ಲಿ 50 ಮಿಲಿ ಸಲೈನಿಗೆ 50 ಯೂನಿಟ್, ಅಂದರೆ ಒಂದು ಮಿಲಿಗೆ ಒಂದು ಯೂನಿಟ್. ಶುಗರ್ ನೋಡಲು ಗಂಟೆಗೊಮ್ಮೆ ಬೆರಳು ಚುಚ್ಚುತ್ತೇನೆ. ಡೆಕ್ಸ್ಟ್ರೋಸ್, ಅಂದರೆ ಸಕ್ಕರೆ ನೀರಿನ ಡ್ರಿಪ್ ಹೋಗುತ್ತಿರುವ ಕೈ ಬಿಟ್ಟು ಇನ್ನೊಂದು ಕೈಯಲ್ಲಿ, ಬೆರಳ ತುದಿಗಲ್ಲ, ಪಕ್ಕಕ್ಕೆ. ಪಕ್ಕದಲ್ಲಿ ನೋವು ಕಡಿಮೆ.

ಮಧ್ಯರಾತ್ರಿ ಎರಡು ಗಂಟೆಗೆ ಡೆಕ್ಸ್ಟ್ರೋಸ್ ಬಾಟಲಿ ಮುಗಿಯಿತು. ಜೂನಿಯರ್ ಹುಡುಗಿ ಬೇರೆ ಬಾಟಲಿ ತಂದಳು, ಅದು ಸಕ್ಕರೆ ಇಲ್ಲದ ರಿಂಗರ್ ಲ್ಯಾಕ್ಟೇಟ್. ತಗುಲಿಸುವ ಮೊದಲು "ಪಂಪ್ ನೋಡಿದೆಯಾ?" ಎಂದೆ. ಅವಳು ಮಿಕಮಿಕ ನೋಡಿದಳು. ಮೇಲಿನಿಂದ ಸಕ್ಕರೆ ನಿಂತು ಪಕ್ಕದಿಂದ ಇನ್ಸುಲಿನ್ ಹೋಗುತ್ತಲೇ ಇದ್ದರೆ ಶುಗರ್ ಬಿದ್ದುಹೋಗುತ್ತದೆ. ಮತ್ತಿನಲ್ಲಿರುವ ರೋಗಿ "ಬೆವರುತ್ತಿದೆ ಸಿಸ್ಟರ್" ಅಂತ ಹೇಳುವುದೂ ಇಲ್ಲ. ಬಾಟಲಿ ಬದಲಾದಾಗಲೆಲ್ಲ ಪಂಪಿನ ಕಡೆ ಒಂದು ಕಣ್ಣು ಹಾಕಬೇಕು. ಇಷ್ಟನ್ನು ಕಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಮೂಗಿನಿಂದ ಜಠರಕ್ಕೆ ಇಳಿಸಿರುವ ರೈಲ್ಸ್ ಟ್ಯೂಬ್ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಅದರ ತುದಿ ಒಳಗಿನ ಹೊಸ ಹೊಲಿಗೆಯ ಹತ್ತಿರ ಇರುತ್ತದೆ. ಜಾರಿ ಹೊರಗೆ ಬಂದರೆ ನಾವೇ ತಳ್ಳುವಂತಿಲ್ಲ, ಸರ್ಜನ್‌ಗೆ ಹೇಳಬೇಕು. ಕಾಲಿಗೆ ಬಿಗಿ ಸಾಕ್ಸ್, ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್, ಮರುದಿನ ಬೆಳಗ್ಗೆ ಮಂಚದಿಂದ ಇಳಿಸಿ ಕುರ್ಚಿಯಲ್ಲಿ ಕೂರಿಸುವುದು, ಇವೆಲ್ಲ ಎಲ್ಲರಿಗೂ ಇದ್ದದ್ದೇ.

ಐದನೇ ದಿನ ನನಗೆ ಏನೋ ಸರಿಯಿಲ್ಲ ಅನಿಸಿತು. ಜ್ವರ 99, ಹೇಳಿಕೊಳ್ಳುವಂಥದ್ದಲ್ಲ. ನಾಡಿ 98. ಚಾರ್ಟ್ ನೋಡಿದವರು ಸುಮ್ನೆ ಹೋಗುತ್ತಾರೆ. ಆದರೆ ಹಿಂದಿನ ದಿನ ಅವರ ನಾಡಿ 72 ಇತ್ತು. ಮೆಟೊಪ್ರೊಲಾಲ್ ನಾಡಿಯನ್ನು ಹಿಡಿದಿಡುವ ಮಾತ್ರೆ. ಅದನ್ನು ತಗೊಳ್ಳುವವರ 98, ಬೇರೆಯವರ 120ಕ್ಕೆ ಸಮ ಅಂತ ನನ್ನ ಲೆಕ್ಕ. ಇನ್ನೊಂದು ವಿಷಯ, ಹಿಂದಿನ ದಿನ ಗಂಟೆಗೆ ಒಂದೂವರೆ ಯೂನಿಟ್ ಇನ್ಸುಲಿನ್ ಸಾಕಾಗುತ್ತಿತ್ತು. ಅವತ್ತು ನಾಲ್ಕು ಹೋದರೂ ಶುಗರ್ 210. ಬಾಯಿಗೆ ನೀರು ಬಿಟ್ಟು ಏನೂ ಕೊಟ್ಟಿಲ್ಲ, ಶುಗರ್ ಎಲ್ಲಿಂದ ಬಂತು? ತಿನ್ನದೆ ಶುಗರ್ ಏರಿದರೆ ಒಳಗೆ ಎಲ್ಲೋ ಸೋಂಕು ಹೊಗೆಯಾಡುತ್ತಿದೆ ಅಂತಲೇ ನಾನು ತಿಳಿಯುತ್ತೇನೆ.

ಸರ್ಜನ್‌ಗೆ ಫೋನ್ ಮಾಡಿದಾಗ "ಜ್ವರ ಇಲ್ವಲ್ಲ ಸಿಸ್ಟರ್?" ಎಂದರು. ಎರಡೂ ಲೆಕ್ಕ ಓದಿ ಹೇಳಿದೆ. ಬಂದರು. ಎಲ್ಲರಿಗೂ ಹೆದರಿಕೆ ಒಳಗಿನ ಜೋಡಣೆ ಸೋರುತ್ತಿದೆಯಾ ಅಂತ. ಸ್ಕ್ಯಾನಿನಲ್ಲಿ ಸೋರಿಕೆ ಇರಲಿಲ್ಲ. ಹೊರಗಿನ ಹೊಲಿಗೆಯ ಕೆಳಗೆ, ಕೊಬ್ಬಿನ ಪದರದಲ್ಲಿ ಕೀವು ಕಟ್ಟಿತ್ತು. ಮೇಲೆ ಚರ್ಮ ಮಾತ್ರ ಚೆನ್ನಾಗೇ ಕಾಣುತ್ತಿತ್ತು. ಎರಡು ಹೊಲಿಗೆ ಬಿಚ್ಚಿ ಕೀವು ತೆಗೆದರು. ಸಂಜೆಗೆ ಇನ್ಸುಲಿನ್ ಎರಡು ಯೂನಿಟ್ಟಿಗೆ ಇಳಿಯಿತು.

ಊಟದ ವಿಷಯಕ್ಕೆ ಬಂದರೆ ಜಗಳವೇ. ಗಂಜಿ, ಬೇಳೆ ಕಟ್ಟು, ಮೊಸರು, ಬೇಯಿಸಿದ ಮೊಟ್ಟೆಯ ಬಿಳಿ, ಮೆತ್ತಗಿನ ಇಡ್ಲಿ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ ಎಂದೆ. ಯಜಮಾನರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಮುದ್ದೆ ಯಾವಾಗ ಸಿಸ್ಟ್ರೇ?"

ಮಂಡ್ಯದವರಿಗೆ ಮುದ್ದೆ ಅಗಿಯಿರಿ ಅಂತ ಹೇಳಿ ನೋಡಿ. ಮುದ್ದೆ ಅಗಿಯುವವನು ಉಣ್ಣಲು ಬರದವನು ಅಂತಲೇ ಅಲ್ಲಿ ಲೆಕ್ಕ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಆದರೆ ಮುಕ್ಕಾಲು ಜಠರ ಇಲ್ಲದವರಿಗೆ ನುಂಗಿದ ತುತ್ತನ್ನು ಅರೆಯುವ ಜಾಗ ಎಲ್ಲಿದೆ? ಈಗ ಹಲ್ಲೇ ನಿಮ್ಮ ಜಠರ ಎಂದೆ. ಮೊದಲ ಕೆಲವು ವಾರ ಮುದ್ದೆ ಬೇಡವೇ ಬೇಡ, ತೆಳ್ಳಗಿನ ಅಂಬಲಿ ಸಾಕು. ಮುಖ ತಿರುಗಿಸಿಕೊಂಡು ಮಲಗಿದರು.

ಡಿಸ್ಚಾರ್ಜ್ ದಿನ ಹಳೆಯ ಮಾತ್ರೆ ಚೀಲವನ್ನು ಇಸ್ಕೊಂಡು, ಡಾಕ್ಟರ್ ನಿಲ್ಲಿಸಿದ ಸ್ಟ್ರಿಪ್ಪುಗಳ ಮೇಲೆ ಕೆಂಪು ಪೆನ್ನಿನಲ್ಲಿ ಕಾಟು ಹೊಡೆದೆ. ಊಟ ಕಾಲು ಭಾಗಕ್ಕೆ ಇಳಿದಿರುವಾಗ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಹಳೇ ಪ್ರಮಾಣದಲ್ಲಿ ಹೋದರೆ ಶುಗರ್ ಪಾತಾಳಕ್ಕೆ. ಬಿ12 ಪರೀಕ್ಷೆ ವರ್ಷಕ್ಕೊಮ್ಮೆ ಮಾಡಿಸಿ, ಕಡಿಮೆಯಾದರೆ ಇಂಜೆಕ್ಷನ್ ಬೇಕಾಗುತ್ತದೆ ಅಂತ ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟೆ.

ತಿಂಗಳ ನಂತರ ಒಂದು ಮಧ್ಯಾಹ್ನ ಹೆಂಡತಿ ವಾರ್ಡಿಗೆ ಫೋನ್ ಮಾಡಿದರು. ಹಬ್ಬದ ಪಾಯಸ ಒಂದು ಬಟ್ಟಲು ಕುಡಿದಿದ್ದರಂತೆ. ಕಾಲು ಗಂಟೆಯಲ್ಲಿ ಎದೆ ಡವಡವ, ಹೊಟ್ಟೆ ನುಲಿತ, ಭೇದಿ. ಅದು ನಿಂತು, ಎರಡು ಗಂಟೆಯಾದ ಮೇಲೆ ಬೆವರು, ಕೈನಡುಕ. ಗ್ಲುಕೋಮೀಟರಿನಲ್ಲಿ 61.

"ಸಕ್ಕರೆ ಹಾಕಿರ್ಲಿಲ್ಲ ಕಣವ್ವ, ನಮ್ದೇ ಬೆಲ್ಲ" ಎಂದರು.

ಬೆಲ್ಲವೂ ಹೆಚ್ಚುಪಾಲು ಸಕ್ಕರೆಯೇ. ಜಠರ ತಡೆದು ನಿಧಾನವಾಗಿ ಬಿಡಬೇಕಾದದ್ದು ಒಮ್ಮೆಲೇ ಕರುಳಿಗೆ ಸುರಿಯಿತು. ಮೊದಲು ಕರುಳು ಕಂಗಾಲಾಯಿತು, ಆಮೇಲೆ ಮೈ ಅಗತ್ಯಕ್ಕಿಂತ ಜಾಸ್ತಿ ಇನ್ಸುಲಿನ್ ಬಿಟ್ಟು ಶುಗರ್ ಕೆಳಗಿಳಿಯಿತು. ಮೂರು ಚಮಚ ಗ್ಲುಕೋಸ್ ನೀರಿನಲ್ಲಿ ಕಲಸಿ ಕೊಡಿ, ಕಾಲು ಗಂಟೆಗೆ ಮತ್ತೆ ಚುಚ್ಚಿ ನೋಡಿ, ಸರಿಯಾದ ಮೇಲೆ ಒಂದು ಮೊಟ್ಟೆ ಕೊಡಿ, ನಾಳೆ ಬಂದು ಡಾಕ್ಟರಿಗೆ ತೋರಿಸಿ ಎಂದೆ. ಗ್ಲುಕೋಸ್ ಕೊಡಿ ಎಂದಾಗ ಅವರಿಗೆ ಗಾಬರಿ. "ಅದ್ರಿಂದಲೇ ಅಲ್ವಾ ಇದಾಗಿದ್ದು?" ನ್ಯಾಯವಾದ ಪ್ರಶ್ನೆಯೇ. ಅವರು ಹತ್ತು ನಿಮಿಷ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.

ನಾಲ್ಕನೇ ತಿಂಗಳು ಒಪಿಡಿಗೆ ಬಂದವರು ನೇರ ವಾರ್ಡಿಗೇ ಬಂದರು. ನಾನು ಕೇಳುವ ಮೊದಲೇ ಶರ್ಟ್ ಎತ್ತಿ ನಿಂತರು. ಟೇಪು ತೆಗೆದೆ. 95. ಕೀವು ತೆಗೆದ ಜಾಗದಲ್ಲಿ ಚರ್ಮ ಸ್ವಲ್ಪ ಗುಳಿ ಬಿದ್ದು ಮಾಯ್ದಿತ್ತು.

"ಮುದ್ದೆ?" ಎಂದೆ.

"ನಿಂಬೆಹಣ್ಣಿನ ಗಾತ್ರದ್ದು ಒಂದು. ಅಗೀತೀನಿ ಕಣವ್ವ. ಮೊಮ್ಮಕ್ಕಳು ಸುತ್ತ ಕೂತ್ಕಂಡು ನಗ್ತಾವೆ."