ನೀರಿನ ಟ್ಯಾಂಕಿನ ಮರೆಯಿಂದ ಉಪಗ್ರಹದವರೆಗೆ: ಗಾಳಿಯ ಆವಿ, ದೂಳು ಅಳೆಯುವುದು ಹೇಗೆ?

ಬೆಳಗ್ಗೆ ಹತ್ತರ ಹೊತ್ತಿಗೆ ತಾರಸಿಗೆ ಹೋಗಿ. ಸೂರ್ಯ ಪೂರ್ತಿ ಮರೆಯಾಗುವ ಹಾಗೆ ನೀರಿನ ಟ್ಯಾಂಕಿನ ನೆರಳಲ್ಲಿ ನಿಲ್ಲಿ. ಸೂರ್ಯನನ್ನು ನೇರವಾಗಿ ನೋಡಬೇಡಿ, ಕೂಲಿಂಗ್ ಗ್ಲಾಸ್ ಹಾಕಿದ್ದರೂ ಬೇಡ. ಈಗ ಟ್ಯಾಂಕಿನ ಅಂಚಿನ ಪಕ್ಕದ ಆಕಾಶ ನೋಡಿ. ಅಂಚಿನವರೆಗೂ ನೀಲಿ ಇದ್ದರೆ ಗಾಳಿ ಚೊಕ್ಕ. ಹಾಲು ಚೆಲ್ಲಿದ ಹಾಗಿದ್ದರೆ ದೂಳು, ಹೊಗೆ ಜಾಸ್ತಿ. ಆ ಬಿಳುಪು ಚದುರಿದ ಬಿಸಿಲು.

ಉಪಗ್ರಹವೂ ಇದನ್ನೇ ಮೇಲಿನಿಂದ ನೋಡುತ್ತದೆ. 1999ರಲ್ಲಿ ಹಾರಿದ ನಾಸಾದ ಟೆರ್ರಾ ಸುಮಾರು 700 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ಅದರ 'ಮೋಡಿಸ್' ಉಪಕರಣ ಬೆಳಕನ್ನು 36 ಪಟ್ಟಿಗಳಾಗಿ ಬಿಡಿಸಿ ಅಳೆಯುತ್ತದೆ.

ಮೊದಲು ಆವಿ. ಇಲ್ಲಿ ಹುಡುಕಬೇಕಾದ್ದು ಕಮ್ಮಿಯಾದ ಬೆಳಕನ್ನು. 940 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಬೆಳಕನ್ನು ನೀರಾವಿ ನುಂಗುತ್ತದೆ, 865ರದ್ದನ್ನು ಹೆಚ್ಚುಕಮ್ಮಿ ಮುಟ್ಟುವುದಿಲ್ಲ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಕೆಳಗೆ ಕಬ್ಬನ್ ಪಾರ್ಕಿನ ಮರವಿರಲಿ, ಕಾಂಕ್ರೀಟ್ ಇರಲಿ, ನೆಲದ ಹೊಳಪು ಎರಡರಲ್ಲೂ ಸುಮಾರು ಒಂದೇ. ಭಾಗಿಸಿದಾಗ ಅದು ಹೊಡೆದುಹೋಗುತ್ತದೆ, ಆವಿಯ ಗುರುತು ಉಳಿಯುತ್ತದೆ. ಬಿಸಿಲು ಇಳಿಯುವಾಗ ಒಮ್ಮೆ, ವಾಪಸ್ ಏರುವಾಗ ಒಮ್ಮೆ ಆವಿಯನ್ನು ದಾಟುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಲೆಕ್ಕದ ಉತ್ತರ, ಮಳೆಯನ್ನು ಅಳೆಯುವ ಹಾಗೆ, ಮಿಲಿಮೀಟರಿನಲ್ಲಿ. 30 ಬಂತು ಅಂತಿಟ್ಟುಕೊಳ್ಳಿ. ನಿಮ್ಮ 30x40 ಸೈಟಿನ ಮೇಲೆ ಆವಿಯಾಗಿ ತೂಗುತ್ತಿರುವ ನೀರು ಸುಮಾರು 3,300 ಲೀಟರ್, ಅಂದರೆ 6,000 ಲೀಟರಿನ ಟ್ಯಾಂಕರಿನಲ್ಲಿ ಅರ್ಧಕ್ಕಿಂತ ಜಾಸ್ತಿ! ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡಿ ಕಾಯುವಾಗ ಇದು ನೆನಪಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ದೂಳಿನ ಲೆಕ್ಕ ಉಲ್ಟಾ. ಅಲ್ಲಿ ಜಾಸ್ತಿಯಾದ ಬೆಳಕನ್ನು ಹುಡುಕಬೇಕು. ಬನ್ನೇರುಘಟ್ಟದ ಕಾಡಿನಂಥ ಹಸಿರು ನೆಲ ಮೇಲಿನಿಂದ ಕಪ್ಪಗೆ ಕಾಣುತ್ತದೆ. 2.1 ಮೈಕ್ರೋಮೀಟರ್ ಬೆಳಕಿಗೆ ತೆಳು ಹೊಗೆ ಅಡ್ಡಿಯಲ್ಲ, ಹಾಗಾಗಿ ಅದರಲ್ಲಿ ನೆಲವೇ ಸಿಗುತ್ತದೆ. ನೆಲ ಕೆಂಪಿನಲ್ಲಿ ಅಲ್ಲಿ ಕಂಡ ಹೊಳಪಿನ ಸುಮಾರು ಅರ್ಧ, ನೀಲಿಯಲ್ಲಿ ಕಾಲು ಭಾಗ ಹೊಳೆಯಬೇಕು. ಅದಕ್ಕಿಂತ ಹೆಚ್ಚು ಹೊಳೆದರೆ, ಗಾಳಿಯ ಅಣುಗಳ ಪಾಲು ಕಳೆದ ಮೇಲೆ ಉಳಿದದ್ದು ದೂಳು, ಹೊಗೆಯದು. ಬಿಳಿ ತಾರಸಿಗಳ ಮೇಲೆ ಈ ಉಪಾಯ ಸರಿಯಾಗಿ ನಡೆಯುವುದಿಲ್ಲ. ನಗರದೊಳಗಿನ ಅಂಕಿಯನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ದೂಳು, ಹೊಗೆಯ ಈ ಅಳತೆಯ ಹೆಸರು 'ಏರೋಸಾಲ್ ಆಪ್ಟಿಕಲ್ ಡೆಪ್ತ್'. ಅದು 0.1 ಬಂದರೆ, ಸೂರ್ಯ ನೆತ್ತಿಯ ಮೇಲಿದ್ದಾಗ ನೇರ ಬಿಸಿಲಿನಲ್ಲಿ ಶೇ 90ರಷ್ಟು ದೂಳಿನ ಪದರ ದಾಟುತ್ತದೆ. 1 ಬಂದರೆ ಬರೀ 37.

ನಾಸಾದ 'ವರ್ಲ್ಡ್‌ವ್ಯೂ' ಜಾಲತಾಣದಲ್ಲಿ ಇವೆಲ್ಲ ಬಿಟ್ಟಿ ಸಿಗುತ್ತವೆ. ಬೆಂಗಳೂರಿಗೆ ಹಿಗ್ಗಿಸಿ, 'ಏರೋಸಾಲ್ ಆಪ್ಟಿಕಲ್ ಡೆಪ್ತ್' ಪದರ ಸೇರಿಸಿ, ದಿನಾಂಕ ಒತ್ತಿ. ಟ್ಯಾಂಕಿನ ಪಕ್ಕ ಕಂಡ ಬಣ್ಣವನ್ನು ಕ್ಯಾಲೆಂಡರಿನಲ್ಲಿ ಗೀಚಿಟ್ಟು ಹೋಲಿಸಿ. ಸುಮ್ನೆ ಆಷಾಢದಲ್ಲಿ ಶುರು ಮಾಡಬೇಡಿ. ಮೋಡದ ಕೆಳಗಿನದು ಉಪಗ್ರಹಕ್ಕೆ ಕಾಣುವುದಿಲ್ಲ, ನಕ್ಷೆಯಲ್ಲಿ ಬೆಂಗಳೂರು ಖಾಲಿ ಇರುತ್ತದೆ.